ಲಗ್ನಪತ್ರಿಕೆಯ ಬೆನ್ನಿಗೆ ಮೀನು

ಕಳೆದ ವಾರ ನಮ್ಮ ಮನೆಗೊಂದು ಲಗ್ನಪತ್ರಿಕೆ ಬಂತು. ಕೊಡಲು ಬಂದವರು ಇನ್ನೂ ಜಗಲಿಯಲ್ಲಿ ಚಪ್ಪಲಿ ಬಿಡುತ್ತಿದ್ದರು. ಅಷ್ಟರಲ್ಲೇ ನಾನು ಅದರ ಒಂದು ಮೂಲೆಯನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಿ ಬಿಟ್ಟೆ. ಟಪ್ಪನೆ ನೇರವಾಯಿತು. ಒಳ್ಳೆಯ ರಟ್ಟು. ಯಾರ ಲಗ್ನ, ಮುಹೂರ್ತ ಯಾವಾಗ, ಒಂದನ್ನೂ ಓದದೆ "ತುಂಬಾ ಗಟ್ಟಿ ಇದೆ" ಎಂದುಬಿಟ್ಟೆ. ಬಂದವರು ಸ್ವಲ್ಪ ಗಾಬರಿಯಿಂದ ನಮ್ಮ ಆಯಿಯ, ಎಂದರೆ ಅಮ್ಮನ, ಮುಖ ನೋಡಿದರು. ಆಯಿ "ನಮ್ಮ ಹುಡುಗಿಗೆ ಹಾಗೇ ಹೇಳೂದು ರೂಢಿ, ನೀವು ಒಳಗೆ ಬನ್ನಿ" ಎಂದು ಮಾತು ತೇಲಿಸಿದಳು.

ಈಗೀಗ ಇಂಥ ಪತ್ರಿಕೆ ಬರುವುದೇ ಅಪರೂಪ. ಕರೆಯೋಲೆಗಳೆಲ್ಲ ಮೊಬೈಲಿಗೇ ಬರುತ್ತವೆ. ಗಣಪತಿ ಮೇಲಿನಿಂದ ಇಳಿದು ಬರುತ್ತಾನೆ, ಹೂವು ಉದುರುತ್ತದೆ, ಹಿಂದೆಲ್ಲೋ ಶಹನಾಯಿ ಕೇಳುತ್ತದೆ. ನೋಡಲು ಚೆಂದ. ಆದರೆ ಕತ್ತರಿಸಲು ಬರುವುದಿಲ್ಲ.

ನಾನು ಎಲ್ಲ ರಟ್ಟನ್ನೂ ಕತ್ತರಿಸುತ್ತೇನೆ. ಸೀರೆಯ ಪೆಟ್ಟಿಗೆ, ಔಷಧದ ಡಬ್ಬಿ, ಊದುಬತ್ತಿಯ ಪೊಟ್ಟಣ, ಹೊಸ ಅಂಗಿಯ ಕಾಲರಿನೊಳಗೆ ಇಟ್ಟ ಪಟ್ಟಿ, ಯಾವುದಕ್ಕೂ ನನ್ನಿಂದ ರಕ್ಷಣೆ ಇಲ್ಲ. ಕಾರವಾರದ ಕೋಡಿಬಾಗದ ನಮ್ಮ ಮನೆಯಲ್ಲಿ ಗುಳಿಗೆಗಳು ಡಬ್ಬಿ ಕಳೆದುಕೊಂಡು ಪ್ಲಾಸ್ಟಿಕ್ ಚೀಲದಲ್ಲಿ ಒಟ್ಟಿಗೆ ವಾಸಿಸುತ್ತವೆ. "ಈ ಮನೇಲಿ ಇಲಿ ಬೇರೆ ಎಂತಕೆ ಬೇಕು, ನೀನಿದ್ದಿಯಲ್ಲ" ಎನ್ನುತ್ತಾಳೆ ಆಯಿ. ಆದರೂ ಎಲ್ಲ ರಟ್ಟುಗಳ ರಾಜ ಲಗ್ನಪತ್ರಿಕೆಯೇ. ಬೆರಳಿಗೆ ನುಣುಪು, ಇಸ್ಪೀಟಿನ ಹಾಗೆ ಕಲೆಸಲು ಹಗುರ, ಬೆವರಿದ ಕೈಯಲ್ಲಿ ಹಿಡಿದರೂ ಮೆತ್ತಗಾಗುವುದಿಲ್ಲ. ದುಡ್ಡಿದ್ದವರ ಮನೆಯದಾದರೆ ಅಂಚಿಗೆ ಬಂಗಾರದ ಗೆರೆ ಬೇರೆ.

ನಾನು ಆಟ ಮಾಡುತ್ತೇನೆ. ಮೇಜಿನ ಮೇಲೆ ಹರಡಿಕೊಂಡು ನಾಲ್ಕು ಜನ ಸುತ್ತ ಕೂತು ಆಡುವ ಆಟ. ಊರಲ್ಲಿ ಇದನ್ನು ವಿವರಿಸುವುದು ಸುಲಭವಲ್ಲ. "ಮೊಬೈಲಿನಲ್ಲಿ ಆಡೂದಾ?" ಎಂದು ಕೇಳುತ್ತಾರೆ. ಅಲ್ಲ, ಮೇಜಿನ ಮೇಲೆ ಎಂದರೆ, "ಹಂಗಾದ್ರೆ ಕೇರಮ್ಮು" ಎಂದು ಅವರೇ ತೀರ್ಮಾನಿಸಿ ಸಮಾಧಾನಪಡುತ್ತಾರೆ. ನಾನೂ ತಿದ್ದಲು ಹೋಗುವುದಿಲ್ಲ. ಕಾರವಾರದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ, ಅದೇ ಸಾಕಷ್ಟು ಗೌರವದ ಉತ್ತರ.

ಈ ಹುಚ್ಚು ಹಿಡಿದದ್ದು ಧಾರವಾಡದ ಹಾಸ್ಟೆಲಿನಲ್ಲಿ. ಕೋಣೆಯ ಗೆಳತಿ ಒಂದು ದಿನ ತನ್ನ ಅಣ್ಣನಿಂದ ದೊಡ್ಡ ಪೆಟ್ಟಿಗೆಯೊಂದನ್ನು ತಂದಳು. ಯಾವುದೋ ಕಾಲ್ಪನಿಕ ದ್ವೀಪದಲ್ಲಿ ಮನೆ ಕಟ್ಟುವ ಆಟ. ಊಟದ ಹೊತ್ತಿಗೆ ಕೂತವರು ಮೆಸ್ಸು ಮುಚ್ಚಿದ್ದು ಗೊತ್ತಾಗದೆ ಆಡಿದೆವು. ಗೆಳತಿ ಆಮೇಲೆ ಹೇಳಿದಳು, "ನೀನು ಇವತ್ತು ಮಾತಾಡಿದಷ್ಟು ಈ ಸೆಮಿಸ್ಟರಿನಲ್ಲೇ ಮಾತಾಡಿಲ್ಲ." ಅವಳು ಹೇಳಿದ ಮೇಲೆಯೇ ನನಗೂ ತಿಳಿಯಿತು. ಮಾತು ಬರದವಳೇನೂ ಅಲ್ಲ ನಾನು. ಸುಮ್ಮನೆ ಮಾತಾಡಲು ಬರುವುದಿಲ್ಲ, ಅಷ್ಟೆ. ಬಸ್ಸಿನಲ್ಲಿ ಪಕ್ಕದವರು "ಸೆಖೆ ಅಲ್ವ" ಎಂದರೆ ಹೌದು ಎಂದ ಮೇಲೆ ಏನು ಹೇಳಬೇಕೆಂದು ಕುಮಟೆಯವರೆಗೂ ಯೋಚಿಸುತ್ತೇನೆ. ಆಟದ ಮೇಜಿನ ಮುಂದೆ ಆ ತಾಪತ್ರಯವಿಲ್ಲ. ಅಲ್ಲಿ ಪ್ರತಿ ಮಾತಿಗೂ ಒಂದು ಕಾರಣ ಇರುತ್ತದೆ.

ನೆನೆಸಿಕೊಂಡರೆ ಬೀಜ ಅದಕ್ಕೂ ಹಿಂದೆಯೇ ಬಿದ್ದಿರಬೇಕು. ಬೀಜವೆಂದರೆ ನಿಜವಾದ ಗೇರುಬೀಜವೇ. ಅಂಕೋಲೆಯ ಹತ್ತಿರ ಕೇಣಿಯಲ್ಲಿ ಆಯಿಯ ತವರುಮನೆ. ಬೇಸಿಗೆ ರಜೆಯಲ್ಲಿ ಅಲ್ಲಿಯ ಮಕ್ಕಳೆಲ್ಲ ಅಂಗಳದ ಹೊಯ್ಗೆಯಲ್ಲಿ, ಎಂದರೆ ಮರಳಿನಲ್ಲಿ, ಗೇರುಬೀಜಗಳನ್ನು ಸಾಲಾಗಿ ನಿಲ್ಲಿಸಿ, ದೂರದಿಂದ ಒಂದು ದಪ್ಪ ಬೀಜ ಬೀಸಿ ಹೊಡೆಯುತ್ತಿದ್ದರು. ಬಿದ್ದ ಬೀಜ ಹೊಡೆದವರಿಗೆ. ನನ್ನ ಬೀಸು ಯಾವತ್ತೂ ಸಾಲಿಗೆ ತಾಗಿದ್ದಿಲ್ಲ. ಒಮ್ಮೆ ಪಕ್ಕದ ಮನೆಯ ಕೋಳಿಗೆ ತಾಗಿತ್ತು. ಆದ್ದರಿಂದ ನನ್ನನ್ನು ಗೆರೆ ಎಳೆಯಲು, ಜಗಳ ಬಗೆಹರಿಸಲು ಇಟ್ಟುಕೊಂಡಿದ್ದರು. ಒಂದು ಮಧ್ಯಾಹ್ನ ನಾನು, ಕಡಿಮೆ ಬೀಜ ಉಳಿದವರಿಗೆ ಎರಡು ಸಲ ಹೊಡೆಯಲು ಬಿಡಬೇಕು ಎಂದೆ. ದೊಡ್ಡ ಹುಡುಗರು ಕೂಗಾಡಿದರು. ಆದರೆ ಮೊದಲೇ ಸೋತು ಅಳುತ್ತಾ ಮನೆಗೆ ಹೋಗುತ್ತಿದ್ದ ಚಿಕ್ಕವರು ಅವತ್ತು ಹೋಗಲಿಲ್ಲ, ಆಟ ಕತ್ತಲಾಗುವವರೆಗೆ ನಡೆಯಿತು. ಮರುದಿನ ನಾನು ಹೋಗುವ ಮೊದಲೇ ಅವರು ಅದೇ ನಿಯಮದಲ್ಲಿ ಆಡುತ್ತಿದ್ದರು. ನಾನು ಮಾಡಿದ ನಿಯಮ ನಾನಿಲ್ಲದಾಗಲೂ ನಡೆಯುತ್ತಿದೆ ಎಂಬುದನ್ನು ಬೇಲಿಯ ದಣಪೆಯ ಹೊರಗೆ ನಿಂತು ನೋಡಿದೆ. ಪರೀಕ್ಷೆಯಲ್ಲಿ ಮೊದಲು ಬಂದಾಗಲೂ ಅಂಥ ಸುಖ ಆಗಿಲ್ಲ.

ಇರಲಿ, ಮೀನಿನ ಕತೆಗೆ ಬರುತ್ತೇನೆ.

ಮೂರು ವರ್ಷದ ಹಿಂದೆ ನಾನು ಒಂದು ಆಟ ಶುರು ಮಾಡಿದೆ. ಹೆಸರು 'ಬಿಸಿಲೇರುವ ಮೊದಲು'. ಹೆದರಬೇಡಿ, ನಿಯಮ ನಾಲ್ಕೇ ಮಾತಿನದು. ಕೇಣಿಯ ದಂಡೆಗೆ ಬೆಳಗಿನ ದೋಣಿಗಳು ಬಂದಿವೆ. ಮೀನಿನ ಬುಟ್ಟಿಗಳು ಸಾಲಾಗಿ ಕೂತಿವೆ. ಬುಟ್ಟಿಯೆಂದರೆ ಇಸ್ಪೀಟಿನ ಹಾಗೆ ಬೋರಲು ಹಾಕಿದ ಎಲೆ. ಅಡಿಯಲ್ಲಿ ಯಾವ ಮೀನಿದೆ ಎಂದು ಕಾಣುವುದಿಲ್ಲ. ಆಡುವವರು ಕೈಯಲ್ಲಿರುವ ಕವಡೆಗಳಿಂದ ಲಿಲಾವು, ಎಂದರೆ ಹರಾಜು, ಕೂಗಿ ಬುಟ್ಟಿ ಕೊಳ್ಳಬೇಕು. ಒಂದೇ ಜಾತಿಯ ಮೀನು ಕೂಡಿಸಿದಷ್ಟೂ ಲಾಭ. ಒಂದು ಹಳದಿ ಗುಂಡಿ ಸೂರ್ಯ. ಅದು ಪ್ರತಿ ಸುತ್ತಿಗೂ ಒಂದು ಮನೆ ಮೇಲೇರುತ್ತದೆ, ಅದು ಏರಿದ ಹಾಗೆ ಮೀನಿನ ಬೆಲೆ ಇಳಿಯುತ್ತದೆ. ನೆತ್ತಿಗೆ ಬಂದರೆ ಆಟ ಮುಗಿಯಿತು. ಮೀನು ಮಾರ್ಕೆಟ್ಟಿನಲ್ಲಿ ಚೌಕಾಶಿ ಮಾಡಲು ನಾಚಿ, ಮೊದಲು ಹೇಳಿದ ದರಕ್ಕೇ ಬಂಗಡೆ ತರುವವಳು ಲಿಲಾವಿನ ಆಟ ಮಾಡಿದ್ದಾಳೆಂದು ಆಯಿ ಬಹಳ ದಿನ ನಕ್ಕಳು.

ಪುಣೆಯಲ್ಲಿ ಇಂಥ ಆಟಗಳನ್ನು ಅಚ್ಚು ಹಾಕುವ ಸಣ್ಣ ಸಂಸ್ಥೆಯೊಂದಿದೆ. ಅದರ ಸಂಪಾದಕಿ ಮೃಣಾಲ್ ಎಂಬವರಿಗೆ ಬರೆದೆ. ಅವರು ಬಹಳ ಸ್ಪಷ್ಟವಾದ ಉತ್ತರ ಬರೆದರು. ಯೋಚನೆ ಹಿಡಿಸಿದೆ, ಆದರೆ ಒಂದು ಷರತ್ತು. ಪೆಟ್ಟಿಗೆಯನ್ನು ಎಂದೂ ನೋಡದ ನಾಲ್ವರು ಅದನ್ನು ತೆರೆದು, ಒಳಗಿನ ನಿಯಮದ ಹಾಳೆಯನ್ನು ತಾವೇ ಓದಿ, ತಾವೇ ಆಡಿ ಮುಗಿಸಬೇಕು. ಮಾಡಿದವರು ಅದೇ ಕೋಣೆಯಲ್ಲಿ ಕೂರಬಹುದು, ಬಾಯಿ ಬಿಡಬಾರದು, ಕೈಸನ್ನೆಯೂ ಕೂಡದು. ಆಟ ಮುಗಿಯುವ ಮೊದಲು ಒಬ್ಬರು ಎದ್ದು ಹೋದರೂ ಅಚ್ಚಿಲ್ಲ.

ಬಾಯಿ ಬಿಡದೆ ಕೂರುವುದನ್ನೇ ಅರ್ಹತೆಯೆಂದು ಕೇಳುವ ಕೆಲಸ ಜಗತ್ತಿನಲ್ಲಿ ಒಂದಾದರೂ ಇದೆಯಲ್ಲ ಎಂದು ನನಗೆ ಖುಷಿಯಾಯಿತು. ಆಟ ಆಗಲೇ ಗೆದ್ದಹಾಗೆಯೇ ಅಂದುಕೊಂಡೆ.

ಮೊದಲ ಪ್ರಯೋಗಗಳೆಲ್ಲ ಕೇಣಿಯ ಜಗಲಿಯ ಮೇಲೆ ನಡೆದವು. ಆಡುವವರು ಆಯಿ, ಆಯಿಯ ತಂಗಿ ಶಾಲಿನಿ ಮಾವಶಿ, ಮಾವಶಿಯ ಗಂಡ ಬಾಬು ಕಾಕಾ, ಮತ್ತೆ ನಾನು. ಎಲೆಗಳಿಗೆ ರಟ್ಟು ಬೇಕಿತ್ತು. ಮಾವಶಿಯ ಕಪಾಟಿನಲ್ಲಿ ಹಳೆಯ ಲಗ್ನಪತ್ರಿಕೆಗಳ ಚೀಲವೇ ಇತ್ತು. ಅವನ್ನು ಒಂದೇ ಅಳತೆಗೆ ಕತ್ತರಿಸಿ, ಖಾಲಿ ಬದಿಗೆ ಮೀನು ಬರೆದೆ. ಅಚ್ಚಾದ ಬದಿ ಮೇಲೆ, ಮೀನು ಕೆಳಗೆ. ಅವಸರದ ಮಾದರಿ, ಅಷ್ಟು ಸಾಕು ಎಂದುಕೊಂಡೆ.

ಜಗಲಿ ಗದ್ದಲವೋ ಗದ್ದಲ. ನಾನು ಲೆಕ್ಕ ಹಾಕಿದ್ದಕ್ಕಿಂತ ಎಷ್ಟೋ ಹೆಚ್ಚು ರಂಗೇರಿತು ಆಟ. ಒಂದೇ ವಿಚಿತ್ರವೆಂದರೆ ಪ್ರತಿ ಸಲವೂ ಮಾವಶಿ ಗೆಲ್ಲುತ್ತಿದ್ದಳು. ನನ್ನ ಶಾಸ್ತ್ರದ ಪ್ರಕಾರ ಅದು ಆಗಬಾರದು. ಒಂದು ದಿನ ಅವಳು ಮೂಲೆಯ ಬುಟ್ಟಿಗೆ ಕೈಯಲ್ಲಿದ್ದ ಕವಡೆಯನ್ನೆಲ್ಲ ಸುರಿದಳು. ತೆಗೆದರೆ ಇಸ್ವಾಣ, ಆಟದಲ್ಲೇ ದುಬಾರಿ ಮೀನು.

"ಮಾವಶಿ, ನಿಂಗೆ ಹೇಗೆ ಗೊತ್ತಾಯ್ತು?"

"ಗೊತ್ತಾಗದೆ ಎಂತ? ಸೊಂಡಿಲು ಬಲಕ್ಕೆ ತಿರುಗಿದ ಗಣಪತಿ ನಮ್ಮ ವಿಠ್ಠಲನ ಮಗಳ ಲಗ್ನದ್ದು. ಅದರ ಬೆನ್ನಿಗೆ ಇಸ್ವಾಣ ಅದೆ. ಮೊನ್ನೆ ನೋಡಿದ್ನಲ್ಲ."

"ಆ ಲಗ್ನದಲ್ಲಿ ಸಾರಿಗೆ ಉಪ್ಪೇ ಇರ್ಲಿಲ್ಲ," ಎಂದಳು ಆಯಿ.

"ಉಪ್ಪು ಇರದಿದ್ದದ್ದು ಅದಕ್ಕಲ್ಲ ಮಾರಾಯ್ತಿ, ನೀಲಿ ಅಂಚಿನ ಲಗ್ನಕ್ಕೆ. ನೀಲಿ ಅಂಚಲ್ಲಿ ಅಗ್ಗದ ತಾರ್ಲೆ. ನಾನು ಅದನ್ನ ಮುಟ್ಟೂದೇ ಇಲ್ಲ."

ಬಾಬು ಕಾಕಾ ಕವಡೆ ಕೆಳಗಿಟ್ಟರು. "ಎಂತ ಹೆಂಗಸರು ಮಾರಾಯ ಇವರು! ನಾನು ಇಷ್ಟು ದಿವಸ ಕುರುಡನ ಹಾಗೆ ಲಿಲಾವು ಕೂಗ್ತಾ ಇದ್ನಲ್ಲ!"

"ನೀವು ಆ ಲಗ್ನಕ್ಕೆ ಬಂದಿದ್ರೆ ಗೊತ್ತಾಗ್ತಿತ್ತು. ಕ್ರಿಕೆಟ್ ನೋಡ್ತಾ ಮನೇಲಿ ಕೂತ್ರಿ," ಎಂದಳು ಮಾವಶಿ.

ನಾನು ಸಂಖ್ಯಾಶಾಸ್ತ್ರದವಳು. ಗುರುತು ಬಿದ್ದ ಎಲೆಯಲ್ಲಿ ಆಡುವುದೆಂದರೆ ನನ್ನ ದೃಷ್ಟಿಯಲ್ಲಿ ಅಪರಾಧ. ಆ ವಾರವೇ ಎಲ್ಲ ಎಲೆಗಳ ಬೆನ್ನಿಗೂ ಬಿಳಿ ಕಾಗದ ಅಂಟಿಸಿದೆ. ಗಣಪತಿ ಹೋದ, ಅಂಚು ಹೋಯಿತು, ವಧೂವರರು ಹೋದರು. ಎಲ್ಲವೂ ಒಂದೇ ಹಾಗೆ, ಶುದ್ಧ ಮತ್ತು ನ್ಯಾಯಯುತ. ಆ ಬಿಳಿ ಎಲೆಗಳನ್ನು ಪೆಟ್ಟಿಗೆಗೆ ಹಾಕಿ, ನಿಯಮದ ಹಾಳೆ ಇಟ್ಟು, ನಮ್ಮ ಕಾಲೇಜಿನ ನಾಲ್ವರು ಸಹೋದ್ಯೋಗಿಗಳ ಮುಂದಿಟ್ಟೆ. ಮೃಣಾಲ್ ಅವರಿಗೆ ಕಳಿಸಲು ಮೊಬೈಲಿನಲ್ಲಿ ಚಿತ್ರೀಕರಣ ಶುರು ಮಾಡಿ, ಮೂಲೆಯಲ್ಲಿ ಬಾಯಿ ಮುಚ್ಚಿ ಕೂತೆ.

ಬಾಯಿ ಮುಚ್ಚುವುದು ಸುಲಭವೆಂದು ತಿಳಿದವಳಿಗೆ ಅವತ್ತು ಸರಿಯಾಗಿ ಬುದ್ಧಿ ಬಂತು. ನಾಲ್ವರೂ ನಿಯಮ ತಪ್ಪಲಿಲ್ಲ, ಒಂದೂ ತಪ್ಪಲಿಲ್ಲ. ಆದರೆ ಯಾರೂ ನಗಲಿಲ್ಲ. ಮುಖವಿಲ್ಲದ ಬುಟ್ಟಿಗಳಲ್ಲಿ ಇದು ಬೇಕು, ಅದು ಬೇಡ ಎನ್ನಲು ಅವರಿಗೆ ಕಾರಣವೇ ಸಿಗಲಿಲ್ಲ. ಭೂಗೋಳದ ಮೇಷ್ಟ್ರು ಆಕಳಿಸಿದರು. ಸೂರ್ಯ ಇನ್ನೂ ಅರ್ಧ ದಾರಿಯಲ್ಲಿರುವಾಗ ಇತಿಹಾಸದವರು "ಒಂದು ಚಾ ಕುಡಿದು ಬರ್ತೆ" ಎಂದು ಎದ್ದವರು ಸ್ಕೂಟರ್ ಹತ್ತಿ ಮನೆಗೇ ಹೋದರು. ಉಳಿದವರು ನನ್ನ ಬೆನ್ನು ತಟ್ಟಿ "ಚೆನ್ನಾಗಿದೆ" ಎಂದರು. ಆಟ ಮಾಡುವವರಿಗೆ ಈ 'ಚೆನ್ನಾಗಿದೆ' ಎಂಬುದು ಆಸ್ಪತ್ರೆಯಲ್ಲಿ ಡಾಕ್ಟರು "ಮನೆಯವರು ಯಾರಾದರೂ ಬಂದಿದ್ದಾರಾ?" ಎಂದು ಕೇಳಿದ ಹಾಗೆ.

ಮೃಣಾಲ್ ಮತ್ತೆ ಸ್ಪಷ್ಟವಾಗಿಯೇ ಬರೆದರು. ಈ ಸಲ ಅಚ್ಚಿಲ್ಲ. ಆದರೆ ಬೇಸಿಗೆಯಲ್ಲಿ ಗೋವಾಕ್ಕೆ ಬರುವುದಿದೆ, ಅಲ್ಲಿಂದ ಒಂದು ದಿನ ಇಳಿದು ಬರುತ್ತೇನೆ, ಕಣ್ಣಾರೆ ನೋಡುತ್ತೇನೆ. ಮುಂದಿನ ವರ್ಷದ ಆಟಗಳನ್ನು ಆಗ ಆರಿಸಿ ಮುಗಿಸಬೇಕು, ಹಾಗಾಗಿ ಇದೇ ಕೊನೆಯ ಸಲ. ಕಾರವಾರಕ್ಕೆ ಬರುವವರೆಲ್ಲ ಗೋವಾಕ್ಕೆ ಬಂದವರೇ ಆಗಿರುತ್ತಾರೆ, ಅದಕ್ಕೆ ನಾವು ಬೇಸರಪಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಬೇಸರ ಬೇರೆಯದಕ್ಕೇ ಇತ್ತು. ಈ ಆಟ ಮುಳುಗಿದರೆ ನಾನು ಇನ್ನೊಂದು ಮಾಡುತ್ತೇನೆಂದು ಎಲ್ಲರಿಗೂ ಹೇಳುತ್ತಿದ್ದೆ. ಮಾಡಲಾರೆನೆಂದು ನನಗೆ ಗೊತ್ತಿತ್ತು. ನಾಲ್ಕು ಜನರ ಮಧ್ಯೆ ನಾನು ಹೇಳಬಹುದಾದದ್ದೆಲ್ಲ ಆ ಪೆಟ್ಟಿಗೆಯೊಳಗೇ ಇತ್ತು.

ಆ ಭಾನುವಾರ ಕೇಣಿಗೆ ಹೋದೆ. ಮಾವಶಿ ಬಿಳಿ ಎಲೆಗಳನ್ನು ನೋಡಿ ಮುಖ ಸಿಂಡರಿಸಿದಳು.

"ಈ ವಿಧವೆ ಸೀರೆ ಉಡಿಸಿದ ಆಟ ಬೇಡ ಮಾರಾಯ್ತಿ. ಕಾಗದ ಕಿತ್ತು ಹಳೇದು ತೆಗಿ."

"ಹಳೇದ್ರಲ್ಲಿ ಗುರುತು ಸಿಗ್ತದೆ, ಮಾವಶಿ. ಅದು ಮೋಸ ಆಗ್ತದೆ."

"ಎಂತ ಮೋಸ? ನಾನೇನು ಎಲೆ ಮಗುಚಿ ನೋಡಿದ್ನ? ನೆನಪಿಟ್ಟುಕೊಂಡೆ. ನೆನಪಿಟ್ಟುಕೊಂಡ್ರೆ ಮೋಸ ಆಗೂದಾದ್ರೆ ನಿಮ್ಮ ಕಾಲೇಜಲ್ಲಿ ಪಾಸಾದವರೆಲ್ಲ ಕಳ್ಳರೇ."

ಬಾಬು ಕಾಕಾ ಕುರ್ಚಿಯಿಂದಲೇ "ನಿಮ್ಮ ಮಾವಶಿ ಹತ್ರ ವಾದ ಮಾಡ್ಬೇಡ, ನಾನು ಮಾಡಿ ನೋಡಿದ್ದೇನೆ" ಎಂದರು.

ನಾನು ಬಿಳಿ ಎಲೆಗಳನ್ನು ಕೈಯಲ್ಲಿ ಹಿಡಿದು ದಂಡೆಯ ಕಡೆ ನಡೆದೆ. ದೋಣಿ ಬರುವ ಹೊತ್ತಲ್ಲ, ಬಲೆ ಒಣಹಾಕಿದ್ದರು. ಒಂದೊಂದು ದೋಣಿಗೂ ಒಂದೊಂದು ಬಣ್ಣ, ಮೂತಿಗೆ ಕಣ್ಣು ಬರೆದದ್ದು, ಹೂವಿನ ಸರ ಬರೆದದ್ದು. ಬೆಳಗಿನ ಲಿಲಾವಿನಲ್ಲಿ ಯಾವ ಬುಟ್ಟಿಯಾದರೂ ಬೋಳು ಬುಟ್ಟಿಯಾಗಿ ಬರುತ್ತದೆಯೇ? ಇದು ಇಂಥವರ ದೋಣಿಯದು, ಅವರು ನಿನ್ನೆ ಬಂಗಡೆ ತಂದಿದ್ದರು, ಇವತ್ತೂ ಅದೇ ಇರಬಹುದು, ಇಲ್ಲದಿರಲೂಬಹುದು ಎಂದೇ ಅಲ್ಲವೇ ಜನ ಕೂಗುವುದು? ನಾನು ನ್ಯಾಯದ ಹೆಸರಿನಲ್ಲಿ ಒರೆಸಿ ಹಾಕಿದ್ದು ಆಟವನ್ನೇ. ಹಾಗೆಂದು ಮಾವಶಿಯ ಎಲೆಗಳೂ ಪೂರ್ತಿ ಸರಿಯಿರಲಿಲ್ಲ. ಅಲ್ಲಿ ಒಮ್ಮೆ ನೋಡಿ ನೆನಪಿಟ್ಟವರಿಗೆ ಎಲ್ಲವೂ ಗೊತ್ತು, ನೆನಪಿಡದ ಬಾಬು ಕಾಕಾನಿಗೆ ಏನೂ ಗೊತ್ತಿಲ್ಲ. ಇವೆರಡರ ನಡುವೆ ಎಲ್ಲಿ ನಿಲ್ಲಬೇಕು ಎಂಬುದು ಮಾತ್ರ ನನ್ನ ಶಾಸ್ತ್ರದ ಪ್ರಶ್ನೆ. ಮನೆಗೆ ಬರುವಾಗ ಓಡಿ ಬಂದೆ ಎಂದು ಮಾವಶಿ ಇಂದಿಗೂ ಹೇಳುತ್ತಾಳೆ. ನಾನು ಬೇಗ ನಡೆದೆ, ಅಷ್ಟೆ.

ಹೊಸ ಎಲೆಗಳ ಬೆನ್ನಿಗೆ ದೋಣಿಯ ಗುರುತು ಬರೆದೆ. ಕಣ್ಣಿನ ದೋಣಿ, ಹೂವಿನ ದೋಣಿ, ಕೆಂಪು ಪಟ್ಟೆಯ ದೋಣಿ, ನಕ್ಷತ್ರದ ದೋಣಿ. ಕಣ್ಣಿನ ದೋಣಿ ಹೆಚ್ಚಾಗಿ ಬಂಗಡೆ ತರುತ್ತದೆ, ಆದರೆ ಯಾವಾಗಲೂ ಅಲ್ಲ. ಹೂವಿನದು ಬಹಳ ಸಲ ತಾರ್ಲೆ ತಂದು ಬೇಸರ ಮಾಡಿ, ಎಲ್ಲೋ ಒಮ್ಮೆ ಇಸ್ವಾಣ ಇಳಿಸುತ್ತದೆ. ಎಷ್ಟು ಸಲ ಎಂಬ ಲೆಕ್ಕ ಹಾಕುವುದರಲ್ಲಿ ಬೇಸಿಗೆ ಬಂದೇ ಬಿಟ್ಟಿತು. ನಂಬುವಷ್ಟು ನಿಜ ಇರಬೇಕು, ಮೋಸ ಹೋಗುವಷ್ಟು ಸುಳ್ಳೂ ಇರಬೇಕು.

ಮೃಣಾಲ್ ಬಂದರು. ಅಂಕೋಲೆಯ ರೈಲು ನಿಲ್ದಾಣದಲ್ಲಿ ಇಳಿದಾಗ ನೋಡಿದೆ, ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಬೆನ್ನಿಗೆ ಚೀಲ, ಕಡಿಮೆ ಮಾತು. ನಾವು ಮರಾಠಿಯಲ್ಲಿ ಮಾತಾಡಿದೆವು. ಅವರ ಪುಣೆಯ ಮರಾಠಿಗೆ ನನ್ನ ಕಾರವಾರದ ಮರಾಠಿ ಹೆದರಿ ಹೆದರಿ ಉತ್ತರ ಕೊಡುತ್ತಿತ್ತು. ಅವರಿಗೆ ಕನ್ನಡ ಒಂದಕ್ಷರ ಬಾರದು. ಅದೇ ಒಳ್ಳೆಯದು ಎಂದರು. ಮಾತು ಬೇಡ, ಮೈ ನೋಡಿದರೆ ಸಾಕು. ಆಡುವವರು ಮೇಜಿನ ಕಡೆಗೆ ಬಾಗಿದ್ದಾರೋ ಕುರ್ಚಿಗೆ ಒರಗಿದ್ದಾರೋ.

ಮಾವಶಿ ತನ್ನ ಪರಿಚಯದ ನಾಲ್ವರನ್ನು ಗೊತ್ತು ಮಾಡಿಟ್ಟಿದ್ದಳು. ಮೃಣಾಲ್ ಆ ನಾಲ್ವರನ್ನು ನೋಡಿ ನನ್ನತ್ತ ತಿರುಗಿ, "ಇವರಿಗೆ ನೀವು ಗೊತ್ತೇ?" ಎಂದರು. ಸುಳ್ಳು ಹೇಳಲಾಗಲಿಲ್ಲ. ಗೊತ್ತಿದ್ದವರು ನಿಮ್ಮ ಮುಖ ನೋಡಿ ಕೊನೆಯವರೆಗೂ ಕೂರುತ್ತಾರೆ, ಅಂಥವರು ಬೇಡ ಎಂದುಬಿಟ್ಟರು.

ಅಂಕೋಲೆಯಲ್ಲಿ ನಿಮ್ಮನ್ನು ತಿಳಿಯದ ನಾಲ್ವರನ್ನು ಹುಡುಕಿ ನೋಡಿ. ಬಳೆ ಅಂಗಡಿಯಾಕೆ, "ನೀನು ಕೇಣಿ ಶಾಲಿನಿಯ ಅಕ್ಕನ ಮಗಳಲ್ಲವೇನೇ?" ಎಂದಳು. ಬೈಕು ರಿಪೇರಿಯವನು "ಅಕ್ಕೋರೆ, ನನ್ನ ತಂಗಿ ನಿಮ್ಮ ಕ್ಲಾಸಿನಲ್ಲೇ" ಎಂದ. ಎಳನೀರು ಮಾರುವವರು ನನ್ನ ಅಜ್ಜನ ಹೆಸರು ಹೇಳಿ, ಅಜ್ಜ ಎಮ್ಮೆ ಕೊಂಡ ಕತೆ ಶುರು ಮಾಡಿದರು. ಕೊನೆಗೆ ನನಗೇ ಹೊಳೆಯಿತು, ಈ ಊರಿನಲ್ಲಿ ಈ ಊರಿನವರಲ್ಲದವರು ಸಿಗುವುದು ಒಂದೇ ಕಡೆ, ಬಸ್‌ಸ್ಟ್ಯಾಂಡಿನಲ್ಲಿ.

ಹುಬ್ಬಳ್ಳಿ ಬಸ್ಸು ತಡವಾಗಿತ್ತು. ಕ್ಯಾಂಟೀನಿನ ಮೂಲೆಯ ಮೇಜು ಖಾಲಿಯಿತ್ತು. ಮೃಣಾಲ್ ತಾವೇ ಹೋಗಿ ಹಿಂದಿಯಲ್ಲಿ ಕೇಳಿ ನಾಲ್ವರನ್ನು ಕರೆತಂದರು. ನೌಕರಿಗೆ ಹುಬ್ಬಳ್ಳಿಗೆ ಹೊರಟಿದ್ದ, ಕಿವಿಗೆ ಇಯರ್‌ಫೋನ್ ಹಾಕಿದ್ದ ನರ್ಸ್ ಹುಡುಗಿ. ಟೈ ಕಟ್ಟಿದ ಔಷಧ ಕಂಪನಿಯ ತರುಣ. ಮತ್ತೆ ಹುಬ್ಬಳ್ಳಿಯ ಗಂಡ ಹೆಂಡತಿ. ಇಶಾಡ ಮಾವಿನಹಣ್ಣಿನ ಎರಡು ಪೆಟ್ಟಿಗೆಗಳನ್ನು ಕಾಲ ನಡುವೆ ಭದ್ರವಾಗಿ ಇಟ್ಟುಕೊಂಡೇ ಕೂತರು. ನಾನು ಪಕ್ಕದ ಮೇಜಿನಲ್ಲಿ ಇನ್ನೊಬ್ಬ ಪ್ರಯಾಣಿಕಳ ಹಾಗೆ ಚಹಾ ಹಿಡಿದು ಕೂತೆ, ಮೃಣಾಲ್ ಪೆನ್ನು, ಪುಸ್ತಕ ಹಿಡಿದು ನನ್ನ ಹಿಂದೆ ಗೋಡೆಗೆ ಒರಗಿ ನಿಂತರು.

ಪೆಟ್ಟಿಗೆ ತೆರೆದರು. ನರ್ಸ್ ಹುಡುಗಿ ನಿಯಮದ ಹಾಳೆಯ ಮೊದಲ ಸಾಲು ಓದಿದಳು. ಹುಬ್ಬಳ್ಳಿಯ ಹೆಂಗಸು ಕೈಯೆತ್ತಿ ತಡೆದರು.

"ತಡಿಯವಾ. ಮೀನಿಂದೇನಿದು? ನಾವು ಮೀನ ಮುಟ್ಟಂಗಿಲ್ಲ."

ಮೂರು ವರ್ಷ ಎಲ್ಲ ಸಾಧ್ಯತೆಗಳ ಲೆಕ್ಕ ಹಾಕಿದ್ದೆ, ಇದೊಂದರ ಲೆಕ್ಕ ಹಾಕಿರಲಿಲ್ಲ. ಕರಾವಳಿಯವರ ತಪ್ಪೇ ಇದು. ಮೀನು ತಿನ್ನದವರೂ ಇರುತ್ತಾರೆಂದು ನಮಗೆ ಗೊತ್ತು, ನೆನಪಿರುವುದಿಲ್ಲ.

ಗಂಡ ಅಂದರು, "ತಿನ್ನಂತ ಯಾರು ಅಂದ್ರು ನಿನಗ? ಕೊಂಡು ಮಾರೂದು ಅಷ್ಟ. ಆ ಹುಡುಗಿ ಓದ್ಲಿ ಬಿಡು."

"ಮಾರಾಕೇನು, ಮಾರೋಣಂತ," ಎಂದು ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

ಮೊದಲ ಸುತ್ತು ನಿಧಾನವಾಗಿ ಹೋಯಿತು. ಎರಡನೆಯದರಲ್ಲಿ ಒಂದು ನಿಯಮ ತಪ್ಪಾಗಿ ಓದಿದರು. ನನ್ನ ನಾಲಗೆ ಹಲ್ಲಿನ ತನಕ ಬಂತು. ಲೋಟ ಕಚ್ಚಿಕೊಂಡೆ. ಮೃಣಾಲ್ ನನ್ನತ್ತ ಒಮ್ಮೆ ನೋಡಿ ಮತ್ತೆ ಮೇಜಿನತ್ತ ತಿರುಗಿದರು. ಅಷ್ಟರಲ್ಲಿ ಟೈನವನು "ಇಲ್ಲಾ, ಇಲ್ಲಿ ನೋಡಿ" ಎಂದು ಹಾಳೆಯಲ್ಲಿ ಬೆರಳಿಟ್ಟು ತಾನೇ ಸರಿಮಾಡಿದ. ನರ್ಸ್ ಹುಡುಗಿ ಒಂದು ಕಿವಿಯಿಂದ ಇಯರ್‌ಫೋನ್ ತೆಗೆದಳು.

"ಈ ಕಣ್ಣಿನ ದೋಣಿ ಆಗಿಂದ ಬಂಗಡೆನೇ ತರ್ತದೆ," ಎಂದಳು.

"ನಂಬಬ್ಯಾಡ. ಕಣ್ಣಿದ್ದಾವ್ರ ಭಾಳ ಮೋಸ ಮಾಡ್ತಾರ," ಎಂದರು ಆ ಹೆಂಗಸು, ಗಂಡನ ಕಡೆ ನೋಡುತ್ತಾ.

ಗಂಡ ಹೂವಿನ ದೋಣಿಗೆ ಮೂರು ಕವಡೆ ಇಟ್ಟರು. ಆಕೆ ನಾಲ್ಕು ಇಟ್ಟರು. ಅವರು ಐದು. ಆಕೆ ಏಳು. "ಏಯ್, ನನಗೊಂದರ ಬಿಡ!" "ಮನ್ಯಾಗ ಬಿಟ್ಟದ್ದು ಸಾಲದೇನು?" ಅಡಿಯಲ್ಲಿ ಇಸ್ವಾಣ ಇತ್ತು. ಜೀವಮಾನದಲ್ಲಿ ಮೀನು ಮುಟ್ಟದ ಆಕೆ ಅದನ್ನು ತಲೆಯ ಮೇಲೆತ್ತಿ ಕ್ಯಾಂಟೀನಿಗೆಲ್ಲ ತೋರಿಸಿದರು. ಗಲ್ಲಾಪೆಟ್ಟಿಗೆಯ ಹಿಂದಿನಿಂದ ಮಾಲೀಕರು ಕತ್ತು ಚಾಚಿದರು. ನರ್ಸ್ ಹುಡುಗಿಯ ಎರಡನೆಯ ಇಯರ್‌ಫೋನ್ ಯಾವಾಗ ಕಿವಿ ಬಿಟ್ಟಿತೋ ನಾನು ನೋಡಲಿಲ್ಲ. ನಾಲ್ಕು ತಲೆಗಳೂ ಮೇಜಿನ ಮೇಲೆ ಒಂದಕ್ಕೊಂದು ತಾಗುವಷ್ಟು ಬಾಗಿದ್ದವು.

ಆಗ ಬಸ್ಸು ಬಂತು.

ಸೂರ್ಯ ನೆತ್ತಿಗೇರಲು ಇನ್ನೂ ಮೂರು ಮನೆ ಇತ್ತು. ಕಂಡಕ್ಟರ್ ಬಾಗಿಲಿಗೆ ಬಡಿದು "ಹುಬ್ಳಿ, ಹುಬ್ಳಿ, ಯಲ್ಲಾಪುರ, ಹುಬ್ಳಿ" ಎಂದು ಕೂಗಿದ. ಅಷ್ಟು ಹೊತ್ತು ಕಾದ ಜನ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿಯಲು ಓಡಿದರು. ನಾನು ಲೋಟವನ್ನು ಮೇಜಿನ ಮೇಲಿಟ್ಟೆ. ಮುಗಿಯಿತು ಎಂದುಕೊಂಡೆ. ತಡವಾಗಿ ಬಂದ ಬಸ್ಸನ್ನು ನಾನಾದರೂ ಬಿಡುತ್ತಿರಲಿಲ್ಲ.

ಗಂಡ ಅರ್ಧ ಎದ್ದರು. "ಬಸ್ ಬಂತಲ್ಲ."

"ಬರ್ಲಿ," ಎಂದರು ಆಕೆ, ಎಲೆಗಳಿಂದ ಕಣ್ಣು ತೆಗೆಯದೆ. "ಬಸ್ಸೇನು, ಇನ್ನೊಂದು ಬರ್ತದ. ಕೂಡ್ರಿ, ನಿಮ್ಮ ಪಾಳಿ."

ಗಂಡ ನರ್ಸ್ ಹುಡುಗಿಯನ್ನು ನೋಡಿದರು. ಅವಳು "ನಂಗೆ ಡ್ಯೂಟಿ ನಾಳೆ ಬೆಳಿಗ್ಗೆ" ಎಂದಳು. ಟೈನವನನ್ನು ನೋಡಿದರು. ಅವನು ಸ್ವಲ್ಪ ಹೊತ್ತು ಬಸ್ಸನ್ನೂ ಸ್ವಲ್ಪ ಹೊತ್ತು ನಕ್ಷತ್ರದ ದೋಣಿಯನ್ನೂ ನೋಡಿ, ಟೈ ಸಡಿಲಿಸಿ, ಎರಡು ಕವಡೆ ಮುಂದೆ ತಳ್ಳಿದ. ಗಂಡ ಕೂತರು. ಬಸ್ಸು ಒಮ್ಮೆ ಹಾರ್ನ್ ಹೊಡೆದು, ಹಿಂದಕ್ಕೆ ಬಂದು, ತಿರುಗಿ ಹೊರಟುಹೋಯಿತು. ಯಾರೂ ತಲೆ ಎತ್ತಲಿಲ್ಲ.

ಮೃಣಾಲ್ ಪೆನ್ನಿಗೆ ಮುಚ್ಚಳ ಹಾಕಿದರು. ನನ್ನ ಕಿವಿಯ ಹತ್ತಿರ ಬಾಗಿ ಒಂದೇ ಶಬ್ದ ಹೇಳಿದರು. "ಛಾಪೂಯಾ." ಅಚ್ಚು ಹಾಕೋಣ. ನಾನು ತಲೆಯಾಡಿಸಿದೆ. ಬಾಯಿ ಬಿಡಬಾರದೆಂಬ ನಿಯಮ ಇನ್ನೂ ಜಾರಿಯಲ್ಲಿತ್ತು. ಇಲ್ಲದಿದ್ದರೂ ಏನು ಹೇಳುತ್ತಿದ್ದೆನೋ ತಿಳಿಯದು. ಕಣ್ಣಿಗೆ ಏನೋ ಬಿದ್ದಹಾಗೆ ಮಾಡಿ ಕರವಸ್ತ್ರ ಹುಡುಕಿದೆ. ಬಸ್‌ಸ್ಟ್ಯಾಂಡಿನಲ್ಲಿ ಧೂಳು ಬಹಳ, ಯಾರೂ ಸಂಶಯಪಡುವುದಿಲ್ಲ.

ಸೂರ್ಯ ನೆತ್ತಿಗೆ ಬಂದು ಆಟ ಮುಗಿಯಿತು. ಆ ಹೆಂಗಸೇ ಗೆದ್ದರು. ಗಂಡ ಸೋಲೊಪ್ಪದೆ ಇನ್ನೊಂದು ಆಟ ಎಂದರು. ಟೈನವನು ಸಿರ್ಸಿ ಮೇಲೆ ಹೋಗುವ ಬಸ್ಸು ಸಿಕ್ಕೀತೆಂದು ಹೊರಟ, ಎರಡು ಸಲ ಹಿಂತಿರುಗಿ ನೋಡುತ್ತಾ. ಒಂದು ಕುರ್ಚಿ ಖಾಲಿಯಾಯಿತು. ಆಕೆ ಸುತ್ತ ನೋಡಿ, ನನ್ನನ್ನು ಕಂಡರು.

"ಯಾಕವಾ, ಆಗಿಂದ ಒಬ್ಬಾಕಿನ ಕುಂತೀಯಲ್ಲ? ನಿನ್ನ ಬಸ್ಸೂ ಬಂದಿಲ್ಲೇನು? ಬಾ ಇಲ್ಲಿ, ಒಂದು ಆಟ ಅದ, ಕಲಿಸ್ತೀನಿ."

ಮೃಣಾಲರತ್ತ ನೋಡಿದೆ. ಅವರಿಗೆ ಮಾತು ತಿಳಿಯದಿದ್ದರೂ ಖಾಲಿ ಕುರ್ಚಿ ತಿಳಿಯಿತು. ಹೋಗು ಎಂಬಂತೆ ಗದ್ದ ಆಡಿಸಿದರು.

ಹೋಗಿ ಕೂತೆ. ಆಕೆ ನನ್ನ ಆಟವನ್ನು ನನಗೆ ಕಲಿಸಿದರು. ಬುಟ್ಟಿ ಯಾವುದು, ದೋಣಿ ಯಾವುದು, ಕವಡೆ ಯಾವಾಗ ಇಡಬೇಕು, ಯಾವಾಗ ತೆಗೆಯಬಾರದು, ಬಿಸಿಲು ಏರಿದರೆ ಬೆಲೆ ಯಾಕೆ ಇಳಿಯುತ್ತದೆ. ಹಾಳೆಯನ್ನು ಮುಟ್ಟಲೂ ಇಲ್ಲ. ನಾನು ಬರೆದು ಹೊಡೆದು ಮತ್ತೆ ಬರೆದ ಸಾಲುಗಳೆಲ್ಲ ಹುಬ್ಬಳ್ಳಿಯ ಮಾತಾಗಿ, ಕೈ ಸನ್ನೆಯಾಗಿ, ನಡುನಡುವೆ ಗಂಡನ ಮೇಲಿನ ದೂರಾಗಿ ಬಂದವು. ಒಂದೂ ಬಿಡಲಿಲ್ಲ, ಒಂದೂ ತಪ್ಪಲಿಲ್ಲ. ನಾನು ಎಲ್ಲದಕ್ಕೂ ಹೊಸಬಳ ಹಾಗೆ ತಲೆಯಾಡಿಸಿದೆ.

"ತಿಳೀತಿಲ್ಲೋ?" ಎಂದು ಕೇಳಿ, ಏನೋ ನೆನಪಾಗಿ ಹಣೆ ಮುಟ್ಟಿಕೊಂಡರು. "ಹಾಂ, ಒಂದು ಉಳೀತು ನೋಡು. ಎಲ್ಲಾರಿಗಿಂತ ಈಚೀಚೆ ಮೀನು ತಿಂದಾವ್ರು ಮೊದಲ ಆಡಬೇಕಂತ. ನಾವಂತೂ ಅದಕ್ಕ ಬರಂಗಿಲ್ಲ. ನೀ ಯಾವಾಗ ತಿಂದೀಯವಾ?"

ನರ್ಸ್ ಹುಡುಗಿ ತಾನು ನಿನ್ನೆ ರಾತ್ರಿ ತಿಂದದ್ದು ಎಂದಳು. ಎಲ್ಲರೂ ನನ್ನ ಮುಖ ನೋಡಿದರು. ಪೆಟ್ಟಿಗೆ ತೆರೆದಂದಿನಿಂದ ನಾನು ಆ ಕ್ಯಾಂಟೀನಿನಲ್ಲಿ ಆಡಿದ ಮೊದಲ ಮಾತು ಅದು.

"ಇವತ್ತೇ. ಬಂಗಡೆ ಸಾರು."

"ಹಂಗಾರ ನೀನ ಮೊದಲ," ಎಂದು ಆಕೆ ನನ್ನ ಪಾಲಿನ ಕವಡೆಗಳನ್ನೆಲ್ಲ ನನ್ನ ಮುಂದೆ ಸುರಿದರು.